ಹಲ್ಲಕ್ಕ ವಿಮಾನಕ್ಕೆ ಕೈ ಹಾಕಿದ್ದು

“ಈ ಕೈ ದಾಟಿ ಹೋದದ್ದು ಇವತ್ತಿನವರೆಗೆ ಒಂದೂ ವಾಪಸ್ ಬಂದಿಲ್ಲ, ತಿಳ್ಕೊ!”

ಹಲ್ಲಕ್ಕ ಈ ಮಾತು ಹೇಳದೆ ಇದ್ದ ದಿನ ಊರಿನಲ್ಲಿ ಸಂಜೆಯೇ ಆಗುತ್ತಿರಲಿಲ್ಲ. ಕೈ ಎಂದರೆ ಬಲಗೈ. ಹೇಳುವಾಗ ಅದನ್ನು ಎದುರಿನವರ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿಯುತ್ತಿದ್ದಳು. ನಂಬದೆ ಬೇರೆ ದಾರಿಯಿರಲಿಲ್ಲ. ನಂಬದವರು ಹಿಂದಕ್ಕೆ ಹೆಜ್ಜೆ ಇಟ್ಟು ಮೆಟ್ಟಿಲಿಂದ ಬೀಳುತ್ತಿದ್ದರು.

ಅವಳ ಕಸುಬು ಹಲ್ಲಿನ ಸೆಟ್ಟು ಮಾಡುವುದು. ಹಲ್ಲಿನ ಡಾಕ್ಟರುಗಳು ಬೊಚ್ಚುಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಆ ಅಚ್ಚಿಗೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ಒಸಡು ಕಟ್ಟಿ, ಹಲ್ಲು ನಿಲ್ಲಿಸಿ, ಮೇಣ ಕರಗಿಸಿ, ಆ ಜಾಗಕ್ಕೆ ಬೆಂದರೆ ಗಟ್ಟಿಯಾಗುವ ರೆಸಿನ್ ತುಂಬಿ, ಬೇಯಿಸಿ, ಉಜ್ಜಿ, ಹೊಳಪು ಕೊಟ್ಟರೆ ಒಂದು ನಗು ತಯಾರು. ಊರಿನಲ್ಲಿ ಯಾವ ಗುಂಪಿನ ಫೋಟೋ ತೆಗೆದರೂ ಅದರಲ್ಲಿ ನಗುತ್ತಿರುವ ಅರ್ಧ ಜನ ಅವಳ ಗಿರಾಕಿಗಳು; ಉಳಿದರ್ಧ ಜನ ಬಾಯಿ ಮುಚ್ಚಿಕೊಂಡು ಸರದಿಗೆ ಕಾಯುತ್ತಿರುವವರು. ಅವಳು ಹೊಳಪು ಕೊಟ್ಟ ಸೆಟ್ಟಿನ ಮೇಲೆ ನೊಣ ಕೂತರೆ ಜಾರಿ ಬಿದ್ದು ಸೊಂಟ ಉಳುಕಿಸಿಕೊಳ್ಳುತ್ತಿತ್ತು. ಕೊನೆಯಲ್ಲಿ ಕಣ್ಣು ಮುಚ್ಚಿ ಬೆರಳ ತುದಿಯಿಂದ ಇಡೀ ಸೆಟ್ಟನ್ನು ಸವರಿ ನೋಡುವುದು ಅವಳ ಪದ್ಧತಿ. “ಕಣ್ಣಿಗೆ ಕೂದಲೆಳೆ ಕಂಡದ್ದು ನಾಲಿಗೆಗೆ ಬೆಟ್ಟ,” ಎನ್ನುತ್ತಿದ್ದಳು. “ಗೆರೆ ಇದ್ದಲ್ಲಿ ಕೊಳೆ ಕೂರುತ್ತೆ. ಒಂದು ಗೆರೆ ಉಳೀಬಾರದು.”

ಕೆಳಗೆ ಲ್ಯಾಬು, ಮೇಲೆ ಮನೆ. ಅಪ್ಪ ಹಾಕಿಕೊಟ್ಟ ಲ್ಯಾಬನ್ನು ಈಗ ನಡೆಸುವವನು ತಮ್ಮ. ಡಾಕ್ಟರುಗಳ ಬಳಿ ಹೋಗಿ ಮಾತಾಡಿ ಕೆಲಸ ತರುವವನು ಅವನು, ಕೂತು ಮಾಡುವವಳು ಇವಳು. ರಸ್ತೆಯ ಕಡೆಗಿರುವ ದೊಡ್ಡ ಕಿಟಕಿಯ ಕೆಳಗೆ ಅವಳ ಬೆಂಚು. ಅದರ ಮರದ ಅಂಚು ಅವಳ ಮಣಿಕಟ್ಟು ಊರಿದ ಜಾಗದಲ್ಲಿ ಸವೆದು ಬಟ್ಟಲಿನ ಹಾಗೆ ತಗ್ಗಾಗಿತ್ತು. ಮದುವೆಯಾಗಲಿಲ್ಲವೇಕೆ ಎಂದು ಯಾರಾದರೂ ಕೇಳಿದರೆ ಆ ತಗ್ಗನ್ನು ತೋರಿಸಿ, “ಇಷ್ಟು ಹೊಂದ್ಕೊಂಡು ಹೋಗೋರು ಯಾರೂ ಸಿಗಲಿಲ್ಲ,” ಎನ್ನುತ್ತಿದ್ದಳು.

ಇಂಥವಳು ಒಂದು ದಿನ ನೆಲದ ಮೇಲೆ ಬಿದ್ದಿದ್ದ ಮೇಣದ ಚೂರಿನ ಮೇಲೆ ಕಾಲಿಟ್ಟು ಜಾರಿ, ಊರಿಗೆಲ್ಲ ಹಲ್ಲು ಕಟ್ಟಿದ ಬಲಗೈಯ ಮಣಿಕಟ್ಟನ್ನೇ ಮುರಿದುಕೊಂಡಳು. ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕುವವನಿಗೆ ಅವಳು ಕೊಟ್ಟ ಕಾಟ ಅಷ್ಟಿಷ್ಟಲ್ಲ. ನೋವಿನಲ್ಲಿ ಹಲ್ಲು ಕಚ್ಚಿಕೊಂಡೇ, “ನೀರು ಜಾಸ್ತಿ ಆಯ್ತಪ್ಪಾ… ಹಾಗೆ ಕಲಸಿದ್ರೆ ಗುಳ್ಳೆ ಬರುತ್ತೆ… ಅಲ್ಲ, ನಿನಗೆ ಯಾರು ಕಲಿಸಿದ್ದು?” ಎಂದು ಶುರು ಮಾಡಿದವಳು, ಅವನು ಕೈ ತೊಳೆದುಕೊಂಡು ಹೊರಗೆ ಓಡುವವರೆಗೂ ಬಿಡಲಿಲ್ಲ. ಪ್ಲಾಸ್ಟರ್ ಬಿಚ್ಚಿದ ಮೇಲೆ ಕೈ ಬಂತು, ಆದರೆ ಅವಳ ಕೈ ಬರಲಿಲ್ಲ. ಬಂದದ್ದು ಬೇರೆ ಯಾರದ್ದೋ ಕೈ: ತೆಳ್ಳಗೆ, ಬೆಳ್ಳಗೆ, ಒಂದು ಚಮಚ ಹಿಡಿದರೆ ಸೀರೆಯೇ ಊಟ ಮಾಡುವಷ್ಟು ನಡುಗುವ ಕೈ.

ತಮ್ಮ ಆ ಹೊತ್ತಿಗೇ ಒಂದು ತೀರ್ಮಾನ ಮಾಡಿಕೊಂಡಿದ್ದ. ಊಟದ ಮೇಜಿನಲ್ಲಿ ತಟ್ಟೆಯನ್ನೇ ನೋಡುತ್ತ ಹೇಳಿದ.

“ಅಕ್ಕಾ, ಹಲ್ಲು ಕೆತ್ತೋ ಮಷೀನು ತರಿಸೋಕೆ ಹೇಳಿದ್ದೀನಿ. ಕಂಪ್ಯೂಟರಲ್ಲಿ ಚಿತ್ರ ಹಾಕಿದ್ರೆ ಅದೇ ಕೆತ್ತಿ ಕೊಡುತ್ತೆ.”

“ಒಳ್ಳೇದಾಯ್ತು. ಎಲ್ಲಿಡ್ತೀಯ?”

“ಕಿಟಕಿ ಹತ್ರ. ರಸ್ತೇಲಿ ಹೋಗೋ ಡಾಕ್ಟರುಗಳಿಗೆ ಕಾಣಲಿ ಅಂತ.”

“ಕಿಟಕಿ ಹತ್ರ ಬೆಂಚಿದೆಯಲ್ಲೋ.”

ತಮ್ಮ ಅನ್ನದಲ್ಲಿ ಏನೋ ಕಳೆದುಹೋದವನಂತೆ ಹುಡುಕತೊಡಗಿದ. “ಬೆಂಚು ತೆಗೆಸೋಣ ಅಂತ. ನೀನು ದುಡಿದದ್ದು ಸಾಕು. ಮೇಲೆ ಆರಾಮಾಗಿರು.”

“ಆರಾಮಾಗಿರೋದು ಅಂದ್ರೆ ಏನು ಮಾಡೋದು?”

“ಏನೂ ಮಾಡದೇ ಇರೋದು.”

“ಅದನ್ನ ನೀನು ಇಷ್ಟು ವರ್ಷದಿಂದ ಮಾಡ್ತಾ ಇದ್ದೀಯ. ಮನೆಗೊಬ್ಬರು ಸಾಕು.”

ತಮ್ಮನ ಹೆಂಡತಿ ನಗು ತಡೆಯಲಾರದೆ ನೀರು ತರುವ ನೆಪದಲ್ಲಿ ಎದ್ದು ಹೋದಳು. ತಮ್ಮ ಮಾತ್ರ ನಗಲಿಲ್ಲ. “ಒಂದು ಕೆಟ್ಟ ಸೆಟ್ಟು ಹೊರಗೆ ಹೋಯ್ತು ಅಂದ್ಕೋ. ಆಡ್ಕೊಳ್ಳೋದು ನನ್ನನ್ನಲ್ಲ, ನಿನ್ನನ್ನ. ಹಲ್ಲಕ್ಕನ ಕೈ ಹೋಯ್ತಂತೆ ಅಂತಾರೆ. ಅದನ್ನ ಕೇಳೋಕೆ ನನ್ನಿಂದ ಆಗಲ್ಲ.”

ಅವನು ಜಗಳ ಆಡಿದ್ದರೆ ಹಲ್ಲಕ್ಕ ಗೆದ್ದುಬಿಡುತ್ತಿದ್ದಳು. ಹೀಗೆ ಪ್ರೀತಿಯಿಂದ ಮಾತಾಡುವವರ ಎದುರು ಏನು ಮಾಡಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ತಟ್ಟೆ ಸರಿಸಿ ಎದ್ದಳು.

ಕೈಗೆ ವ್ಯಾಯಾಮ ಮಾಡಿಸುವ ಡಾಕ್ಟರಮ್ಮ ಒಂದು ರಬ್ಬರ್ ಚೆಂಡು ಕೊಟ್ಟು ಹಿಸುಕಲು ಹೇಳಿದ್ದರು. ಹಲ್ಲಕ್ಕ ಅದನ್ನು ಎಷ್ಟು ಸಿಟ್ಟಿನಿಂದ ಹಿಸುಕಿದಳೆಂದರೆ ಚೆಂಡೇ ವ್ಯಾಯಾಮ ಮಾಡಿ ಗಟ್ಟಿಯಾಯಿತು. ಆಮೇಲೆ ಬೆರಳುಗಳಿಗೆ ಸೂಕ್ಷ್ಮ ಕೆಲಸ ಬೇಕು, ಮಣಿ ಪೋಣಿಸಿ ಎಂದರು.

“ಮಣಿನಾ?” ಎಂದಳು ಹಲ್ಲಕ್ಕ. “ಪೋಣಿಸಿ ಏನು ಮಾಡ್ಲಿ, ಕೊರಳಿಗೆ ಹಾಕ್ಕೊಂಡು ತೊಟ್ಟಿಲಲ್ಲಿ ಮಲಗ್ಲಾ?”

“ಮಣಿ ಬೇಡ ಅಂದ್ರೆ ನಿಮಗೆ ಇಷ್ಟ ಇರೋದು ಏನಾದ್ರೂ ಮಾಡಿ. ಸಣ್ಣ ಕೆಲಸ ಆಗಿರಬೇಕು, ತಾಳ್ಮೆ ಬೇಡೋ ಕೆಲಸ ಆಗಿರಬೇಕು. ಕೆಟ್ಟರೆ ಯಾರಿಗೂ ನಷ್ಟ ಇರಬಾರದು.”

ಮನೆಗೆ ಮರಳುವ ದಾರಿಯಲ್ಲಿ ಒಂದು ಅಂಗಡಿಯಿತ್ತು. ಇಷ್ಟು ವರ್ಷ ಅದರ ಮುಂದೆ ಹಾದುಹೋಗುವಾಗ ಅದು ಆಟದ ಸಾಮಾನಿನದೆಂದು ಅವಳು ತಿರುಗಿಯೂ ನೋಡಿರಲಿಲ್ಲ. ಆ ದಿನ ಬಾಗಿಲಿನಿಂದ ಒಂದು ವಾಸನೆ ಬಂತು: ಬಣ್ಣದ ಥಿನ್ನರು, ಅಂಟು, ಉಜ್ಜಿದ ಪುಡಿ. ತವರಿನ ವಾಸನೆ ಹಿಡಿದು ಹೋಗುವವಳ ಹಾಗೆ ಒಳಗೆ ನುಗ್ಗಿದಳು. ಸೂರಿನಿಂದ ದಾರದಲ್ಲಿ ವಿಮಾನಗಳು ತೂಗಾಡುತ್ತಿದ್ದವು. ದಪ್ಪ ಕನ್ನಡಕದ ಅಂಗಡಿಯವನು ಒಂದು ಅಂಗೈಯಗಲದ ಯುದ್ಧದ ಟ್ಯಾಂಕಿಗೆ ಕೂದಲಿನಷ್ಟು ತೆಳ್ಳಗಿನ ಬ್ರಷ್ಷಿನಿಂದ ಕೆಸರು ಬಳಿಯುತ್ತಿದ್ದ. ಹೊಸ ಟ್ಯಾಂಕಿಗೆ ಕೈಯಾರೆ ಕೆಸರು ಬಳಿಯುವ ಮನುಷ್ಯನ ಬಗ್ಗೆ ಹಲ್ಲಕ್ಕನಿಗೆ ಒಳ್ಳೆಯ ಅಭಿಪ್ರಾಯ ಮೂಡಲಿಲ್ಲ. ಆದರೆ ಅವನ ಹಿಂದಿನ ಕಪಾಟಿನಲ್ಲಿದ್ದ ಒಂದು ಡಬ್ಬಿಯ ಮೇಲೆ ಅವಳ ಕಣ್ಣು ಬಿತ್ತು. ಮುಚ್ಚಳದ ಮೇಲೆ, ಹಿಂದೆ ಯಾವುದೋ ಕಾಲದಲ್ಲಿ ಅಂಚೆ ಹೊರುತ್ತಿದ್ದ ಒಂಟಿ ಇಂಜಿನ್ನಿನ ವಿಮಾನದ ಚಿತ್ರ.

“ಅದು ಬೇಡಮ್ಮ,” ಎಂದ ಅಂಗಡಿಯವನು ಅವಳ ಕಣ್ಣನ್ನು ಹಿಂಬಾಲಿಸಿ. “ಅದು ರೆಸಿನ್ ಕಿಟ್ಟು, ತುಂಡು ಜೋಡಿಸಿ ವಿಮಾನ ಕಟ್ಟೋದು. ನಮ್ಮ ಹಳೇ ಗಿರಾಕಿಗಳಲ್ಲೇ ಗಟ್ಟಿಗರು ಅದನ್ನ ಮುಟ್ಟೋಕೆ ಹೆದರ್ತಾರೆ. ಹೊಸದಾಗಿ ಶುರು ಮಾಡೋರಿಗೆ ಪ್ಲಾಸ್ಟಿಕ್ಕಿಂದು ಇದೆ. ಅದಾದ್ರೆ ತಾನೇ ಕೂತ್ಕೊಳ್ಳುತ್ತೆ.”

“ಇದರಲ್ಲಿ ಏನು ಕಷ್ಟ?”

“ಒಂದಾ ಎರಡಾ? ಪ್ರತಿ ತುಂಡಿಗೂ ಎರಕದ ಗಟ್ಟಿ ಅಂಟ್ಕೊಂಡಿರುತ್ತೆ, ಗರಗಸದಲ್ಲಿ ಕುಯ್ದು ತೆಗೀಬೇಕು. ಗುಳ್ಳೆ ಬಿದ್ದಿರುತ್ತೆ, ತುಂಬಬೇಕು. ರೆಕ್ಕೆ ಸೊಟ್ಟ ಇರುತ್ತೆ, ಬಿಸಿನೀರಲ್ಲಿ ಅದ್ದಿ ನೆಟ್ಟಗೆ ಮಾಡ್ಬೇಕು. ಪುಡಿ ಎದೆಗೆ ಹೋದ್ರೆ ಕೆಟ್ಟದ್ದು, ಮಾಸ್ಕ್ ಹಾಕ್ಕೊಂಡು ನೀರಲ್ಲೇ ಉಜ್ಜಬೇಕು…”

ಅವನು ಹೆದರಿಸಲು ಒಂದೊಂದೇ ಹೇಳುತ್ತ ಹೋದ ಹಾಗೆ ಹಲ್ಲಕ್ಕನ ಮುಖ ಒಂದೊಂದೇ ದೀಪ ಹಚ್ಚಿಕೊಂಡಿತು. ಅವನು ಓದುತ್ತಿದ್ದದ್ದು ಅವಳ ಬೆಂಚಿನ ದಿನಚರಿಯನ್ನೇ.

“ಇನ್ನೇನಿದೆ ಹೇಳಿ,” ಎಂದಳು ಆಸೆಯಿಂದ.

“ಇನ್ನೇನು ಬೇಕಮ್ಮ?”

“ಸಾಕು. ಕಟ್ಟಿ ಕೊಡಿ.”

ಡಬ್ಬಿ ತೆಗೆದುಕೊಳ್ಳಲು ಚಾಚಿದ ಅವಳ ಬಲಗೈ ನಡುಗಿದ್ದನ್ನು ಅಂಗಡಿಯವನು ನೋಡಿದ. “ಅಮ್ಮಾ, ಬೇಜಾರು ಮಾಡ್ಕೋಬೇಡಿ, ನಿಮ್ಮ ಕೈ…”

“ಕೈಗೇ ತಗೊಳ್ತಿರೋದು. ನನಗಲ್ಲ,” ಎಂದು ಹಲ್ಲಕ್ಕ ಡಬ್ಬಿಯನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟಳು.

ಅಡುಗೆಮನೆಯ ಮೇಜಿನ ಮೇಲೆ ಡಬ್ಬಿ ತೆರೆದಾಗ ಅವಳಿಗೆ ನಗು ಬಂತು. ಪುಟ್ಟ ಪುಟ್ಟ ಪ್ಲಾಸ್ಟಿಕ್ ಚೀಲಗಳಲ್ಲಿ ಇದ್ದ ತುಂಡುಗಳೆಲ್ಲ ಹಲ್ಲಿನ ಬಣ್ಣದವು. ಒಂದೊಂದರ ಬುಡಕ್ಕೂ ದಪ್ಪ ಗಟ್ಟಿ, ಬೇರು ಸಮೇತ ಕಿತ್ತ ದವಡೆಹಲ್ಲಿನ ಹಾಗೆ. ವಿಮಾನದ ಹೊಟ್ಟೆ ಉದ್ದಕ್ಕೆ ಸೀಳಿದ ಎರಡು ಹೋಳು. ಒಂದು ಸೊಟ್ಟ ರೆಕ್ಕೆ. ಪಾರದರ್ಶಕ ಹಾಳೆಯಲ್ಲಿ ಉಬ್ಬಿಸಿದ, ಪೈಲಟ್ಟಿನ ತಲೆಯ ಮೇಲೆ ಕೂರುವ ಒಂದು ಗಾಜಿನಂಥ ಮಾಡು. ಎರಡು ಮಡಿಕೆಯ ಒಂದು ನಕ್ಷೆ. ಅಷ್ಟೇ. ತಮ್ಮ ಬಗ್ಗಿ ನೋಡಿ ಮೂಗು ಮುರಿದ.

“ಡಬ್ಬಿ ಮೇಲೆ ಎಪ್ಪತ್ತೆರಡರಲ್ಲಿ ಒಂದು ಪಾಲು ಅಂತ ಬರೆದಿದೆ. ಇಂಥ ಎಪ್ಪತ್ತೆರಡು ತಂದ್ರೆ ಒಂದು ನಿಜವಾದ ವಿಮಾನ ಆಗುತ್ತಾ?”

“ನಿನ್ನಂಥ ಎಪ್ಪತ್ತೆರಡು ಜನ ಸೇರಿದ್ರೆ ಒಬ್ಬ ನಮ್ಮಪ್ಪ ಆಗ್ತಾರಾ? ಸುಮ್ಮನಿರು.”

“ಅಲ್ಲಕ್ಕಾ, ಈ ವಯಸ್ಸಲ್ಲಿ ವಿಮಾನ ಯಾಕೆ?”

“ಯಾಕೆ ಅಂದ್ರೆ ಈ ಕೈ ಇದನ್ನ ಮಾಡಿದ್ರೆ ಸೆಟ್ಟೂ ಮಾಡುತ್ತೆ. ಸೆಟ್ಟು ಮಾಡೋ ಕೈಗೆ ಬೆಂಚು ಬೇಕು. ಈ ಕೈ ದಾಟಿ ಹೋದದ್ದು ಒಂದೂ…”

“ವಾಪಸ್ ಬಂದಿಲ್ಲ. ಗೊತ್ತು. ಹಾಗಾದ್ರೆ ಆ ಬಸ್ ಕಂಡಕ್ಟರು?”

ಹಲ್ಲಕ್ಕ ಮುಖ ಗಂಟಿಕ್ಕಿದಳು. ಆ ಕಂಡಕ್ಟರಿಗೆ ಅವಳು ಮಾಡಿದ ಸೆಟ್ಟು ಹಾಕಿಕೊಂಡು ಮಾತಾಡಿದರೆ ಮಧ್ಯೆ ಸೀಟಿ ಹೊಡೆಯುತ್ತಿತ್ತು. ‘ಸೀಟು ಖಾಲಿ ಇಲ್ಲ’ ಎಂದರೂ ಡ್ರೈವರು ಬಸ್ಸು ನಿಲ್ಲಿಸುತ್ತಿದ್ದ. ಬೆಳಿಗ್ಗೆ ಹೊರಟ ಬಸ್ಸು ಪಕ್ಕದ ಊರು ಸೇರುವಷ್ಟರಲ್ಲಿ ಪ್ರಯಾಣಿಕರಿಗೆ ಗಡ್ಡ ಬಂದಿರುತ್ತಿತ್ತು.

“ಅದು ಸೆಟ್ಟಿನ ತಪ್ಪಲ್ಲ, ಅವನ ತುಟಿ ಗಿಡ್ಡ,” ಎಂದಳು. “ಮಾತು ಮರೆಸಬೇಡ. ಬೆಂಚಿನ ವಿಷಯ ಹೇಳು.”

ತಮ್ಮ ಒಂದು ಗಳಿಗೆ ಆ ಸೊಟ್ಟ ರೆಕ್ಕೆಯನ್ನೂ ಅಕ್ಕನ ಕೈಯನ್ನೂ ನೋಡಿದ. ಇದು ಆಗುವ ಹೋಗುವ ಮಾತಲ್ಲ ಎಂದು ಅವನಿಗೆ ಧೈರ್ಯ ಬಂದಿರಬೇಕು. “ಸರಿ. ಮಷೀನು ಬರೋದ್ರೊಳಗೆ ಇದನ್ನ ನೀಟಾಗಿ ಮುಗಿಸು. ಮುಗಿಸಿದ್ರೆ ಬೆಂಚು ನಿಂದು, ಮಷೀನನ್ನ ಒಳಗೆ ಹಾಕ್ಕೋತೀನಿ. ಇಲ್ಲಾಂದ್ರೆ ನಾನು ಹೇಳಿದ ಹಾಗೆ ಮೇಲೆ ಇರ್ಬೇಕು.”

“ಕೇಳಿಸ್ಕೊಂಡ್ಯಾ?” ಎಂದು ಹಲ್ಲಕ್ಕ ತಮ್ಮನ ಹೆಂಡತಿಯ ಕಡೆ ತಿರುಗಿದಳು.

“ಕೇಳಿಸ್ಕೊಂಡೆ ಅತ್ತಿಗೆ. ಆದ್ರೆ ಸಂಜೆ ಅಡುಗೆ ಹೊತ್ತಿಗೆ ಈ ಮೇಜು ಖಾಲಿ ಬೇಕು. ಅದನ್ನ ನೀವೂ ಕೇಳಿಸ್ಕೊಳ್ಳಿ.”

ಮರುದಿನದಿಂದ ಅಡುಗೆಮನೆ ವಿಮಾನ ನಿಲ್ದಾಣವಾಯಿತು. ತುಂಡುಗಳಿಗೆ ಅಂಟಿದ್ದ ಎಣ್ಣೆಯ ಜಿಡ್ಡು ಹೋಗಲು ಮೊದಲು ಸೋಪಿನ ನೀರಿನ ಸ್ನಾನ. ಆಮೇಲೆ ಬೇರು ಕೀಳುವ ಕೆಲಸ. ಗರಗಸದ ಹಿಡಿ ಹಿಡಿತಕ್ಕೆ ಸಿಗಲಿಲ್ಲ. ಮೊದಲ ಎಳೆತಕ್ಕೇ ಜಾರಿ ಎಡಗೈ ಹೆಬ್ಬೆರಳಿಗೆ ಗೀರಿತು. ಎರಡನೆಯದಕ್ಕೆ ತೋರುಬೆರಳು. ಹಲ್ಲಕ್ಕ ಕೆಳಗಿನಿಂದ ಮೇಣದ ಹಾಳೆ ತರಿಸಿ, ಬಿಸಿ ಮಾಡಿ, ಗರಗಸದ ಹಿಡಿಯ ಸುತ್ತ ಸುತ್ತಿ, ಬೆಚ್ಚಗಿರುವಾಗಲೇ ಮುಷ್ಟಿಯಲ್ಲಿ ಒತ್ತಿ ಹಿಡಿದಳು. ತಣ್ಣಗಾದಾಗ ಅವಳ ಮುಷ್ಟಿಯ ಅಚ್ಚೇ ಹಿಡಿಯಾಗಿತ್ತು. ಊರಿನವರ ಬಾಯಿಯ ಅಳತೆಗೆ ಎಷ್ಟೋ ಮಾಡಿದ್ದವಳು ತನ್ನ ಅಳತೆಗೆ ಮಾಡಿಕೊಂಡ ಮೊದಲ ವಸ್ತು ಅದು. ಈಗ ಗರಗಸ ಬೀಳುವ ಮಾತೇ ಇಲ್ಲ. ಬಿದ್ದರೆ ಕೈಯೇ ಬೀಳಬೇಕು. ಮುಖಕ್ಕೆ ಮಾಸ್ಕು ಹಾಕಿ, ನೀರು ಚಿಮುಕಿಸುತ್ತ, ಒಂದೊಂದೇ ಬೇರು ಕುಯ್ದಳು.

ರೆಕ್ಕೆ ನೆಟ್ಟಗೆ ಮಾಡುವ ದಿನ ತಮ್ಮನ ಹೆಂಡತಿ ಒಲೆಯ ಮೇಲಿನ ಪಾತ್ರೆಯ ಮುಚ್ಚಳ ಎತ್ತಿದಳು.

“ಅತ್ತಿಗೆ, ಇದರಲ್ಲಿ ಏನು ಬೇಯ್ತಾ ಇದೆ?”

“ರೆಕ್ಕೆ.”

“ಕೋಳೀದಾ?”

“ವಿಮಾನದ್ದು.”

“ಉಪ್ಪು ಹಾಕಿದ್ರಾ?” ಎಂದು ಅವಳು ಮುಚ್ಚಳ ಮುಚ್ಚಿ, “ಇದು ನನ್ನ ಒಳ್ಳೇ ಪಾತ್ರೆ ಅತ್ತಿಗೆ. ನಾಳೆಯಿಂದ ವಿಮಾನಕ್ಕೆ ಬೇರೆ ಪಾತ್ರೆ ಇಟ್ಕೊಳ್ಳಿ,” ಎಂದು ತಾನೇ ಹುಡುಕಿ ಒಂದು ಹಳೆಯದನ್ನು ತಂದುಕೊಟ್ಟಳು. ಅಂದಿನಿಂದ ಅವಳು ಯಾರ ಕಡೆ ಎನ್ನುವುದು ತಮ್ಮನಿಗೂ ತಿಳಿದುಹೋಯಿತು.

ಹೊಟ್ಟೆಯ ಎರಡು ಹೋಳು ಕೂಡಿಸುವುದೂ ಆಯಿತು. ಗುಳ್ಳೆ ಬಿದ್ದಲ್ಲಿ ತುಂಬಿದ್ದೂ ಆಯಿತು. ಆಮೇಲೆ ಹಲ್ಲಕ್ಕ ತನ್ನ ಪ್ರೀತಿಯ ಕೆಲಸಕ್ಕೆ ಇಳಿದಳು: ಉಜ್ಜುವುದು. ಉಜ್ಜಲು ಬಿಗಿ ಹಿಡಿತ ಬೇಡ, ಅಂಗೈ ಸಾಕು. ನಡುಗಿದರೂ ನಡೆಯುತ್ತದೆ, ನಡುಗುವ ಕೈ ಇನ್ನೂ ವೇಗವಾಗಿ ಉಜ್ಜುತ್ತದೆ ಎಂದು ಅವಳೇ ಕಂಡುಕೊಂಡಳು. ಒರಟು ಕಾಗದ, ನಯ ಕಾಗದ, ಅದಕ್ಕಿಂತ ನಯ ಕಾಗದ, ಆಮೇಲೆ ಹಲ್ಲಿಗೆ ಹಾಕುವ ಹೊಳಪಿನ ಪುಡಿ. ಕೂಡಿಸಿದ ಸಂದು ಮಾಯವಾಯಿತು. ಕಣ್ಣು ಮುಚ್ಚಿ ಬೆರಳಾಡಿಸಿದಳು. ಎಲ್ಲೋ ಒಂದು ಗೆರೆ ಸಿಕ್ಕಿತು. ಉಜ್ಜಿದಳು. ಇನ್ನೊಂದು ಸಿಕ್ಕಿತು. ಅದನ್ನೂ ಉಜ್ಜಿದಳು. ಮೂತಿಯಿಂದ ಬಾಲದವರೆಗೆ ಬೆರಳು ಒಮ್ಮೆಯೂ ತಡೆಯದೆ ಜಾರಿದ ದಿನ ಅವಳಿಗೆ ಎದೆಯುಬ್ಬಿತು. ಆ ವಿಮಾನ ಎಷ್ಟು ಹೊಳೆಯುತ್ತಿತ್ತೆಂದರೆ ತಮ್ಮನ ಹೆಂಡತಿ ಅದರಲ್ಲಿ ನೋಡಿಕೊಂಡು ತಲೆ ಬಾಚಿಕೊಂಡಳು.

ಹಲ್ಲಕ್ಕ ಅದನ್ನು ಹತ್ತಿಯಲ್ಲಿ ಸುತ್ತಿ ಅಂಗಡಿಗೆ ಕೊಂಡೊಯ್ದಳು. ತೋರಿಸಿ ಬರಬೇಕು, ಅಷ್ಟೇ. ‘ನಿಮ್ಮ ಕೈ’ ಎಂದಿದ್ದನಲ್ಲ, ಅವನ ದಪ್ಪ ಕನ್ನಡಕ ಇನ್ನೂ ದಪ್ಪಗಾಗಬೇಕು.

ಅಂಗಡಿಯವನು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಮತ್ತೆ ನೋಡಿದ.

“ಅಮ್ಮಾ, ಇದರ ಮೇಲೆ ಸಣ್ಣ ಸಣ್ಣ ಗೆರೆಗಳಿದ್ದವಲ್ಲ?”

“ಇದ್ದವು. ತೆಗೆದೆ.”

“ತೆಗೆದ್ರಾ? ಯಾಕೆ?”

“ಯಾಕೆ ಅಂದ್ರೆ? ಗೆರೆ ಇದ್ದಲ್ಲಿ ಕೊಳೆ ಕೂರಲ್ವಾ? ತಿಂದದ್ದೆಲ್ಲ ಅಲ್ಲೇ…”

ಹೇಳುತ್ತ ಹೇಳುತ್ತಲೇ ಅವಳ ಬಾಯಿ ನಿಂತಿತು. ಅಂಗಡಿಯವನು ಬಹಳ ಮೆಲ್ಲಗೆ, ಮಗುವಿಗೆ ಹೇಳುವಂತೆ ಹೇಳಿದ. “ಅಮ್ಮಾ, ವಿಮಾನ ಊಟ ಮಾಡಲ್ಲ. ಅದರ ಮೈಮೇಲೆ ತಗಡಿನ ಹಾಳೆಗಳು ಒಂದಕ್ಕೊಂದು ಸೇರೋ ಜಾಗ ಇರುತ್ತಲ್ಲ, ಆ ಗೆರೆಗಳು ಅವು. ಬಾಗಿಲು, ಮುಚ್ಚಳ, ಎಲ್ಲ ಅದರಲ್ಲೇ. ಜನ ಇಂಥ ಕಿಟ್ಟು ತಗೊಳ್ಳೋದೇ ಆ ಗೆರೆಗಾಗಿ. ಇದು ಈಗ…” ಅವನು ಒಳ್ಳೆಯ ಮಾತು ಹುಡುಕಿ ಸೋತ. “ಇದು ಸೋಪು.”

ಹಲ್ಲಕ್ಕ ಕೌಂಟರಿನ ಮೇಲಿದ್ದ ತನ್ನ ವಿಮಾನವನ್ನು ನೋಡಿದಳು. ನಿಜ. ಬಾಲ ಹಚ್ಚಿದ ಸೋಪು. ಎಷ್ಟು ಚೆಂದವಾಗಿ ಕೆಟ್ಟಿತ್ತೆಂದರೆ ಬೇರೆ ಯಾರಿಗೂ ಅಷ್ಟು ಚೆಂದವಾಗಿ ಕೆಡಿಸಲು ಬರುತ್ತಿರಲಿಲ್ಲ.

“ಹೋಗ್ಲಿ ಬಿಡಿ, ಹೊಟ್ಟೆಯ ಎರಡು ಹೋಳು ಬೇರೆ ತರಿಸಿ ಕೊಡ್ತೀನಿ,” ಎಂದ ಅಂಗಡಿಯವನು. ಅವನು ಕೆಟ್ಟವನಲ್ಲ.

“ಬೇಡ.”

“ಮತ್ತೆ?”

“ಅಳಿಸಿದವಳು ನಾನು. ನಾನೇ ಬರೀತೀನಿ.”

“ಕೈಯಲ್ಲಿ? ಅಮ್ಮಾ, ಅದು ಕೂದಲಿಗಿಂತ ಸಣ್ಣ ಗೆರೆ. ಒಂದು ಎಳೆಯೋಕೆ ನನ್ನ ಕೈಯೇ…”

“ನಿಮ್ಮ ಕೈ ವಿಷಯ ನಾನು ಕೇಳಿಲ್ಲ. ನನ್ನ ಕೈ ವಿಷಯ ನೀವು ಹೇಳಬೇಡಿ,” ಎಂದು ಹಲ್ಲಕ್ಕ ಸೋಪನ್ನು ಹತ್ತಿಯಲ್ಲಿ ಸುತ್ತಿಕೊಂಡಳು. ಮಾತು ಗಟ್ಟಿಯಾಗಿಯೇ ಇತ್ತು. ಆದರೆ ಮನೆಗೆ ಬರುವ ದಾರಿ ಆ ದಿನ ಮೂರು ಊರಿನಷ್ಟು ಉದ್ದವಾಗಿತ್ತು. ಅವಳ ಕೈ ದಾಟಿ ಹೋದದ್ದೊಂದು ವಾಪಸ್ ಬರುತ್ತಿತ್ತು. ಅದೂ ಅವಳೇ ಹೊತ್ತು ತರಬೇಕಾಗಿತ್ತು. ದಾರಿಯಲ್ಲಿ ಸಿಕ್ಕ ಗಿರಾಕಿಯೊಬ್ಬರು ಅವಳದೇ ಹಲ್ಲು ತೋರಿಸಿ ನಕ್ಕರು. ಅವಳು ನೋಡಲಿಲ್ಲ.

ಮನೆಯಲ್ಲಿ ತಮ್ಮ ವಿಷಯ ಕೇಳಿ ನಗಬಹುದಿತ್ತು. ನಗಲಿಲ್ಲ. “ಬಿಡಕ್ಕಾ, ಸಾಕು,” ಎಂದನಷ್ಟೇ. ಅದು ನಗುವುದಕ್ಕಿಂತ ಕೆಟ್ಟದಾಗಿತ್ತು.

ಬೆಳಿಗ್ಗೆ ಹಲ್ಲಕ್ಕ ಲ್ಯಾಬಿಗೆ ಇಳಿದಳು. ಮೇಲಿನ ಅಡುಗೆಮನೆಯ ಬೆಳಕಿಗೆ ಆ ಕೆಲಸ ಆಗುವಂತಿರಲಿಲ್ಲ. ಅವಳ ಬೆಂಚಿನ ಮೇಲೆ ಆಗಲೇ ಖಾಲಿ ಪೆಟ್ಟಿಗೆಗಳ ರಾಶಿ ಬಿದ್ದಿತ್ತು. ಮೊಣಕೈಯಿಂದ ಒಂದೇ ಸಲ ತಳ್ಳಿದಳು. ಸದ್ದಿಗೆ ತಮ್ಮ ಓಡಿ ಬಂದ.

“ಏನಕ್ಕಾ ಇದು?”

“ಪೆಟ್ಟಿಗೆ. ಎತ್ತಿಡು.”

ನಕ್ಷೆಯನ್ನು ಕಿಟಕಿಗೆ ಅಂಟಿಸಿದಳು. ಮೊದಲ ಗೆರೆಯ ಜಾಗಕ್ಕೆ ದಪ್ಪ ಟೇಪು ಹಚ್ಚಿ, ಅದರ ಅಂಚಿಗೆ ಸೂಜಿ ಆನಿಸಿ ಎಳೆದಳು. ಸೂಜಿ ಅಂಚು ಬಿಟ್ಟು ತನ್ನ ಪಾಡಿಗೆ ಅಡ್ಡಾಡಿ ಬಂತು. ಗೆರೆಯಲ್ಲ, ಕುಡಿದವನು ಮನೆಗೆ ನಡೆದ ದಾರಿ. ಅಂಟು ತುಂಬಿ, ಒಣಗಿಸಿ, ಉಜ್ಜಿ ಮತ್ತೆ ಎಳೆದಳು. ಮತ್ತೆ ಕುಡಿದವನೇ ಬಂದ. ತುಂಬಿದಳು, ಉಜ್ಜಿದಳು, ಎಳೆದಳು. ಒಂದೇ ಜಾಗವನ್ನು ಎಷ್ಟು ಸಲ ತುಂಬಿದಳೆಂದರೆ ವಿಮಾನದ ಮೂತಿ ಅಲ್ಲಿ ರೆಸಿನ್ನಿನದಾಗಿ ಉಳಿಯದೆ ಬರೀ ಹಟದ್ದಾಗಿತ್ತು.

ಒಂದು ಮಧ್ಯಾಹ್ನ ಸೂಜಿ ಕೆಳಗಿಟ್ಟು ಬಲಗೈಯನ್ನು ಮಡಿಲಲ್ಲಿ ಹಾಕಿಕೊಂಡು ಕೂತಳು. ಲ್ಯಾಬಿನಲ್ಲಿ ಯಾರೂ ಇರಲಿಲ್ಲ. ಕೈಯನ್ನೇ ನೋಡುತ್ತ ಮಾತಿಗಿಳಿದಳು.

“ಏನೇ, ಇಷ್ಟು ದಿನ ಅನ್ನ ಹಾಕಿದ್ದು ನಾನು ಅಂತ ಜಂಭಾನಾ? ಅನ್ನ ನೀನು ಹಾಕಿದ್ದು ಹೌದು. ಆದ್ರೆ ಬಾಯಿಗೆ ಎತ್ತಿಕೊಟ್ಟಿದ್ದು ಈ ಮೊಣಕೈ, ಈ ಭುಜ. ಅವರನ್ನ ಒಂದು ದಿನ ಮಾತಾಡಿಸಿದ್ದೀಯಾ?”

ಕೈ ಮಾತಾಡಲಿಲ್ಲ. ಆದರೆ ಹಲ್ಲಕ್ಕ ತನ್ನ ಮಾತು ತಾನೇ ಕೇಳಿಸಿಕೊಂಡಳು. ಇಷ್ಟು ಹೊತ್ತೂ ಬೆರಳಿನಿಂದ ಎಳೆಯುತ್ತಿದ್ದಳು. ಬೆರಳು ಹೋದದ್ದು ಹೌದು, ಮೊಣಕೈ ಮುರಿದಿರಲಿಲ್ಲವಲ್ಲ. ಮಣಿಕಟ್ಟನ್ನು ಬೆಂಚಿನ ಸವೆದ ತಗ್ಗಿನಲ್ಲಿ ಕೂರಿಸಿದರೆ ಅದು ಅಲ್ಲೇ ಸಿಕ್ಕಿಕೊಂಡು ಎಳೆಯಲು ಬಿಡುವುದಿಲ್ಲ. ಹಾಗಾಗಿ ತಗ್ಗನ್ನು ಬಿಟ್ಟು, ಬೆಂಚಿನ ನಯವಾದ ನಡುಭಾಗಕ್ಕೆ ಬಂದಳು. ಕಿರುಬೆರಳು ಊರಿ, ಬೆರಳುಗಳನ್ನು ಸತ್ತ ಹಾಗೆ ಬಿಟ್ಟು, ಇಡೀ ತೋಳನ್ನು ಹಿಂದಕ್ಕೆ ಜಾರಿಸಿದಳು. ಗೆರೆ ಸೊಟ್ಟವೇ ಬಂತು. ಆದರೆ ಕುಡಿದವನು ಈ ಸಲ ಮನೆ ತಲುಪಿದ್ದ.

ಅದನ್ನು ಅಳಿಸಲಿಲ್ಲ. ಮುಂದಿನದಕ್ಕೆ ಹೋದಳು.

ಹೀಗೆ ಮೂತಿಯಿಂದ ಹೊಟ್ಟೆಗೆ, ಹೊಟ್ಟೆಯಿಂದ ಬಾಲಕ್ಕೆ ಅವಳ ಪ್ರಯಾಣ ಸಾಗಿತು. ಸಾಗುತ್ತ ಸಾಗುತ್ತ ತೋಳು ಬೆರಳುಗಳಿಗೆ ಏನೋ ಕಲಿಸುತ್ತಿದ್ದ ಹಾಗಿತ್ತು. ತಮ್ಮನ ಹೆಂಡತಿ ಕಾಫಿ ತಂದವಳು ಒಂದು ಬೆಳಿಗ್ಗೆ ಬೆನ್ನ ಹಿಂದೆಯೇ ನಿಂತುಬಿಟ್ಟಳು.

“ಅತ್ತಿಗೆ…”

“ಮಾತಾಡಿಸಬೇಡ, ಗೆರೆ ಹೋಗುತ್ತೆ.”

“ಗೆರೆ ಆಗಲೇ ಹೋಯ್ತು ಅತ್ತಿಗೆ. ನೆಟ್ಟಗೆ ಹೋಯ್ತು. ನೋಡಿ.”

ಹಲ್ಲಕ್ಕ ನೋಡಿದಳು. ಹೋಗಿತ್ತು. ಈ ತುದಿಯಿಂದ ಆ ತುದಿಗೆ, ಎಲ್ಲೂ ಉಸಿರು ತೆಗೆದುಕೊಳ್ಳದೆ. ಕಾಫಿ ಆರಿ ತಣ್ಣಗಾಗುವವರೆಗೂ ಇಬ್ಬರೂ ಅದನ್ನೇ ನೋಡುತ್ತ ಕೂತರು.

ಆದರೆ ಮಷೀನು ಅವಳು ರೆಕ್ಕೆ ಹಚ್ಚುವವರೆಗೆ ಕಾಯುವ ಗೋಜಿಗೆ ಹೋಗಲಿಲ್ಲ. ಕೊನೆಯ ಗೆರೆ ಎಳೆದು ಟೇಪು ಕೀಳುತ್ತಿದ್ದ ಹೊತ್ತಿಗೆ ಹೊರಗೆ ವ್ಯಾನು ನಿಂತ ಸದ್ದಾಯಿತು. ಇಬ್ಬರು ಆಳುಗಳು ಬೀರುವಿನಷ್ಟು ದೊಡ್ಡ ಪೆಟ್ಟಿಗೆಯನ್ನು ಹೊತ್ತು ಬಾಗಿಲಲ್ಲಿ ನಿಂತರು. ಮುಂದಿನವನು ಏದುಸಿರು ಬಿಡುತ್ತ ಕೇಳಿದ: “ಎಲ್ಲಿ ಸಾರ್, ಕಿಟಕಿ ಹತ್ರಾನಾ?”

ತಮ್ಮ ಬೆಂಚಿನ ಬಳಿ ಬಂದ. ಹಲ್ಲಕ್ಕ ಏಳಲಿಲ್ಲ. ವಿಮಾನವನ್ನು ಅವನ ಕೈಗೆ ಕೊಟ್ಟಳು.

ಅವನು ಹಲ್ಲಿನ ಲ್ಯಾಬಿನಲ್ಲೇ ಬೆಳೆದವನು. ಭೂತಗನ್ನಡಿ ಹಿಡಿದು ನೋಡುವುದು ಅವನಿಗೂ ಗೊತ್ತು. ಮೂತಿಯ ಬಳಿ ಗೆರೆಗಳು ಜೋಲಿ ಹೊಡೆಯುತ್ತಿದ್ದವು. ರೆಕ್ಕೆ ಕೂರುವಲ್ಲಿಗೆ ಬರುವಷ್ಟರಲ್ಲಿ ಸಾವರಿಸಿಕೊಂಡಿದ್ದವು. ಆಮೇಲಿನವು ನಡೆಯಲು ಕಲಿತಿದ್ದವು. ಬಾಲದ ಹತ್ತಿರದ ಗೆರೆಗಳು ಮಾತ್ರ ಅವನು ಹುಟ್ಟಿದಾಗಿನಿಂದ ನೋಡುತ್ತ ಬಂದ ಆ ಕೈಯವು. ಅವನು ಮೂತಿಯಿಂದ ಬಾಲಕ್ಕೆ ಒಮ್ಮೆ, ಬಾಲದಿಂದ ಮೂತಿಗೆ ಒಮ್ಮೆ ನೋಡಿದ.

“ಸಾರ್, ಕೈ ಬಿದ್ದು ಹೋಗ್ತಾ ಇದೆ,” ಎಂದ ಆಳು.

ತಮ್ಮನ ಹೆಂಡತಿ ಮೆಟ್ಟಿಲ ಮೇಲೆ ನಿಂತು ಗಂಡನ ಬೆನ್ನನ್ನೇ ದಿಟ್ಟಿಸುತ್ತಿದ್ದಳು. ಅವನಿಗೆ ಮನಸ್ಸಿನಲ್ಲಿ ಸೋತಾಗಿತ್ತು, ಆದರೆ ಸೋತದ್ದನ್ನು ಒಪ್ಪಿಕೊಳ್ಳುವ ಅಭ್ಯಾಸ ಆ ಮನೆತನದಲ್ಲೇ ಇರಲಿಲ್ಲ. ವಿಮಾನವನ್ನು ತಿರುಗಿಸಿ ಮುರುಗಿಸಿ ಒಂದು ಕೊಕ್ಕೆ ಹುಡುಕಿದ.

“ಅಲ್ಲಕ್ಕಾ, ರೆಕ್ಕೆ ಇನ್ನೂ ಹಚ್ಚಿಲ್ಲ. ಚಕ್ರ ಇಲ್ಲ. ಬಣ್ಣ ಇಲ್ಲ. ನಾನು ಹೇಳಿದ್ದು ಮುಗಿಸಿದ್ರೆ ಬೆಂಚು ಅಂತ. ಇದು ಮುಗಿದಿಲ್ಲವಲ್ಲ?”

ಹಲ್ಲಕ್ಕ ಬಲಗೈ ಚಾಚಿ ವಿಮಾನವನ್ನು ವಾಪಸ್ ತೆಗೆದುಕೊಂಡಳು. ಕೈ ಒಂಚೂರು ನಡುಗಿತು. ಅದನ್ನು ಅವಳು ಮುಚ್ಚಿಡಲಿಲ್ಲ.

“ಮುಗಿದ ಮೇಲೆ ಬೆಂಚು ಯಾಕೋ ನನಗೆ, ಮಲಗೋಕಾ?” ಎಂದಳು. “ಮುಗಿದಿಲ್ಲ ಅಂತಲೇ ಕೂತಿದ್ದೀನಿ. ಬೆಳಕಿಗೆ ಅಡ್ಡ ನಿಂತಿದ್ದೀಯ, ಆ ಕಡೆ ಸರಿ.”